ಅಳತೆಯರಿತ ಕಾಯಕ



ನಮ್ಮ ರಾಯಚೂರು ಸೀಮೆಯು ಶರಣರ ಪಾದಧೂಳಿಯಿಂದ ಪುನೀತವಾದುದು. ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ತೆರಳಿದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಚರಿತ್ರೆಯನ್ನು ತಾವೆಲ್ಲರೂ ಬಲ್ಲಿರಿ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ತಂದಾಗ ಆ ಮಹಾಸತಿಯು ಹೆಚ್ಚಿನದನ್ನು ಒಳಗೆ ಬಿಟ್ಟುಕೊಳ್ಳದೆ, ಆಯ್ದಲ್ಲಿಯೇ ಚೆಲ್ಲಿ ಬರಲು ಕಳುಹಿಸಿದಳು.

ನೀರಮಾನ್ವಿಯಲ್ಲಿ ಈ ಪ್ರಸಂಗವನ್ನು ವಿವರಿಸಿದ ಸಂಜೆ, ಮಂಗಳಾರತಿಯಾದ ಮೇಲೆ ಒಬ್ಬ ರೈತ ತಾಯಿ ಕೇಳಿದರು: “ಗುರುಗಳೇ, ಸಂಘದಾಗ ನಮಗ ವ್ಯಾಪಾರ ಕಲಿಸ್ತೀವಿ ಅಂತಾರ. ಹೆಚ್ಚಿಂದು ಬ್ಯಾಡ ಅಂದಾಕಿ ಲಕ್ಕಮ್ಮ ಅಂತ ನೀವು ಹೇಳ್ತೀರಿ. ನಾವು ಲಾಭದ ಲೆಕ್ಕ ಹಾಕೂದು ತಪ್ಪೇನ್ರಿ?”

ಪ್ರಶ್ನೆಯು ಸಣ್ಣದಲ್ಲ. ಉತ್ತರವು ಲಕ್ಕಮ್ಮನಲ್ಲಿಯೇ ಇದೆ. ಇಂದಿನ ಅಕ್ಕಿ ಹೆಚ್ಚೆಂದು ಆಕೆ ಅರಿತದ್ದು ಹೇಗೆ? ನಿತ್ಯದ ಅಳತೆ ಆಕೆಯ ಕೈಗೆ ತಿಳಿದಿತ್ತು. ಅಳತೆಯನ್ನರಿಯದವರಿಗೆ ಹೆಚ್ಚೂ ತಿಳಿಯದು, ಕಡಿಮೆಯೂ ತಿಳಿಯದು. ಸಂಸ್ಕೃತದಲ್ಲಿ ‘ಮಾ’ ಧಾತುವಿನಿಂದ ಅಳತೆಯೆಂಬ ಅರ್ಥದ ‘ಮಾನ’ ಶಬ್ದವೂ, ‘ಮನ್’ ಧಾತುವಿನಿಂದ ಗೌರವವೆಂಬ ಅರ್ಥದ ‘ಮಾನ’ ಶಬ್ದವೂ ಹುಟ್ಟಿವೆ. ಧಾತುಗಳು ಬೇರೆಯಾದರೂ ಬಾಳಿನಲ್ಲಿ ಎರಡೂ ಒಂದೇ. ಅಳತೆ ತಪ್ಪಿದ ಮನೆಯಲ್ಲಿ ಗೌರವವೂ ಉಳಿಯದು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ವಿಧವೆಯಾದ ತಾಯಿಯೊಬ್ಬರು ಭತ್ತ ಮಾರಿದ ಚೀಟಿಯನ್ನು ತಂದು ಓದಿಸಿದರು. ನಾನು ಕೊನೆಯ ಮೊತ್ತವನ್ನು ಓದಿ ಹೇಳಿದೆನು. ಆ ಮೊತ್ತ ಹೇಗೆ ಬಂದಿತೆಂದು ನೋಡಲಿಲ್ಲ. ಚೀಲಕ್ಕೆ ಇಷ್ಟು ತೂಕವೆಂದು ಮೊದಲೇ ಕಳೆದಿದ್ದುದು ಬಹುದಿನಗಳ ಮೇಲೆ ತಿಳಿಯಿತು. ವ್ಯಾಕರಣದ ಸೂತ್ರಗಳನ್ನು ತಪ್ಪಿಲ್ಲದೆ ಒಪ್ಪಿಸುವ ನಾನು, ಒಬ್ಬ ತಾಯಿಯ ವರ್ಷದ ಬೆವರಿನ ಲೆಕ್ಕವನ್ನು ಕೂಡಿ ಕಳೆದು ನೋಡದೆ ಹೋದೆನು.

ನಮ್ಮ ಭಾಗದಲ್ಲಿ ಭತ್ತದ ಚೀಲಕ್ಕೆ 75 ಕಿಲೋ ಎಂದು ಧಾರಣೆ ಕಟ್ಟುವುದು ರೂಢಿ. ಚೀಲಕ್ಕೆ 2 ಕಿಲೋ ಹೆಚ್ಚಾಗಿ ತೂಗಿಸಿಕೊಂಡರೆಂದು ಭಾವಿಸಿರಿ. 40 ಚೀಲಕ್ಕೆ 80 ಕಿಲೋ ಆಯಿತು. ಒಂದು ಚೀಲಕ್ಕೂ ಮಿಕ್ಕಿದ ಭತ್ತ ಮಾತಿಲ್ಲದೆ ಹೋಯಿತು. ಆ ಚೀಲದಲ್ಲಿ ಮಕ್ಕಳ ಅನ್ನವಿತ್ತು, ಜಂಗಮದ ಪಾಲಿತ್ತು. ಮೋಸಕ್ಕೆ ತಲೆಬಾಗುವುದು ವೈರಾಗ್ಯವಲ್ಲ. ಅದರಿಂದ ದಾಸೋಹಕ್ಕೆ ಕೊರತೆಯಾಗುತ್ತದೆ, ಮೋಸ ಮಾಡಿದವನ ಪಾಪವೂ ಬೆಳೆಯುತ್ತದೆ.

ಆದುದರಿಂದ ತಾಯಂದಿರು ಮೊದಲು ಖರ್ಚಿನ ಲೆಕ್ಕವನ್ನು ಕಲಿಯಬೇಕು. ಬೀಜ, ಗೊಬ್ಬರ, ಔಷಧಿ, ಆಳಿನ ಕೂಲಿ, ಯಂತ್ರದ ಬಾಡಿಗೆ, ಸಾಲದ ಬಡ್ಡಿ ಇವನ್ನು ಬರೆದಿಡಬೇಕು. ಮನೆಯವರು ಮರೆಯುವ ಒಂದು ಖರ್ಚುಂಟು, ಅದು ತಾಯಿಯ ಸ್ವಂತ ದುಡಿಮೆ. ಕಳೆ ಕಿತ್ತವಳು ಆಕೆ, ಹತ್ತಿ ಬಿಡಿಸಿದವಳು ಆಕೆ. ಪಹಣಿಯಲ್ಲಿ ಹೆಸರಿಲ್ಲದುದರಿಂದ ರೈತಳೆಂದು ಕರೆಯಿಸಿಕೊಳ್ಳುವುದಿಲ್ಲ. ಆ ದಿನಗಳ ಕೂಲಿಯೂ ಲೆಕ್ಕಕ್ಕೆ ಬರಲಿ. ಮಾರುವ ಮುನ್ನ ಎರಡು ಕಡೆ ಧಾರಣೆ ವಿಚಾರಿಸಲಿ, ತೂಕವನ್ನು ಕಣ್ಣಾರೆ ನೋಡಲಿ, ಚೀಟಿಯನ್ನು ಕೇಳಿ ಪಡೆಯಲಿ. ಮಾರುಕಟ್ಟೆಯ ಶುಲ್ಕವು ಕೊಳ್ಳುವವನ ಮೇಲಿನದೇ ಹೊರತು ಮಾರುವ ರೈತನ ಮೇಲಿನದಲ್ಲವೆಂದು 1966ರ ಕರ್ನಾಟಕದ ಮಾರುಕಟ್ಟೆ ಕಾಯಿದೆಯೇ ಹೇಳುತ್ತದೆ. ಇದನ್ನು ಎಷ್ಟು ಜನ ತಾಯಂದಿರು ಬಲ್ಲರು? 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳು ಉಳಿತಾಯವನ್ನು ಕಲಿಸಿವೆ. ಅದೇ ಹತ್ತು ಹದಿನೈದು ಜನರು ಬೆಳೆಯನ್ನು ಒಟ್ಟುಗೂಡಿಸಿ ಮಾರಿದರೆ ಒಬ್ಬಳ ಮಾತಿಗಿಲ್ಲದ ತೂಕ ಸಂಘದ ಮಾತಿಗೆ ಬರುತ್ತದೆ.

ಹಾಗೆಂದು ವ್ಯಾಪಾರವೇ ಗುರಿಯಲ್ಲ. ತಾನು ಮಾರುವಾಗ ಹಿಡಿದ ತಕ್ಕಡಿಯನ್ನೇ ತಾನು ಕೊಳ್ಳುವಾಗಲೂ ಹಿಡಿಯಬೇಕು. ತನ್ನ ಕೂಲಿಯನ್ನು ಲೆಕ್ಕಕ್ಕೆ ಹಿಡಿದವಳು ತನ್ನ ಹೊಲಕ್ಕೆ ಬಂದ ಕೂಲಿಯವಳಿಗೆ ಕಡಿಮೆ ಕೊಡಬಾರದು. ಲಕ್ಕಮ್ಮನ ಪಾಠದ ಉತ್ತರಾರ್ಧ ಇದೇ: ತನ್ನದನ್ನು ಬಿಡಬೇಡ, ತನ್ನದಲ್ಲದುದನ್ನು ಇಟ್ಟುಕೊಳ್ಳಬೇಡ. ಕೊಟ್ಟಣ ಕುಟ್ಟಿದ ಸೋಮಮ್ಮ, ನೂಲು ತೆಗೆದ ಕದಿರ ರೆಮ್ಮವ್ವೆ ಇವರೆಲ್ಲ ದುಡಿದು ದಾಸೋಹ ಮಾಡಿದವರು. ಅವರ ಕೈಯಲ್ಲಿ ದುಡ್ಡು ಮೈಲಿಗೆಯಾಗಲಿಲ್ಲ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: “ಲೆಕ್ಕ ತಪ್ಪಲ್ಲ ತಾಯಿ, ಲೆಕ್ಕ ತಪ್ಪುವುದೇ ತಪ್ಪು. ಸಂಘಕ್ಕೆ ಹೋಗಿ ಕಲಿಯಿರಿ.” ಗಂಡಂದಿರೂ ಮಕ್ಕಳೂ ಆಕೆಯನ್ನು ತಡೆಯಬಾರದು. ನಮ್ಮಂಥ ಅಕ್ಷರವಂತರು ಇನ್ನು ಮುಂದೆ ಚೀಟಿಯ ಮೊತ್ತವನ್ನಷ್ಟೇ ಓದದೆ, ಮೇಲಿನ ಸಾಲಿನಿಂದ ಕೂಡಿಸಿ ತೋರಿಸೋಣ; ಬರುವ ಸುಗ್ಗಿಗೆ ಆ ತಾಯಿಯೇ ಕೂಡಿಸಿಕೊಳ್ಳುವಂತೆ ಕಲಿಸೋಣ. ಅದೂ ಒಂದು ಜ್ಞಾನದಾಸೋಹ.

ಶಿವಾರ್ಪಣಮಸ್ತು.