ಮೇಲಂಗಿಯ ಯಾವ ಅರ್ಧ?

ನಮ್ಮಲ್ಲಿ ಬಹಳ ಮಂದಿಗೆ ಸ್ವಾಮಿಗಳು ಎಂದರೆ ಧರ್ಮಕೇಂದ್ರದ ಸ್ವಾಮಿಗಳೇ. ಬಲಿಪೂಜೆ ಅರ್ಪಿಸುವವರು, ಮದುವೆ ಮಾಡಿಸುವವರು, ಜ್ಞಾನಸ್ನಾನದ ಪುಸ್ತಕದಲ್ಲಿ ನಮ್ಮ ಹೆಸರು ಬರೆದವರು. ಆಸ್ಪತ್ರೆ, ಜೈಲು, ಸೇನೆಗಳಿಗೆ ನೇಮಕವಾಗುವ ಗುರುಗಳನ್ನು ‘ಚಾಪ್ಲಿನ್’ ಎನ್ನುತ್ತಾರೆ ಎಂಬಷ್ಟು ಗೊತ್ತು. ಅವರ ನೆನಪಾಗುವುದು ಮನೆಯವರು ಯಾರಾದರೂ ಐ.ಸಿ.ಯು. ಸೇರಿದ ಮೇಲೆ. ಯುವಜನರ ಬಳಗದಲ್ಲಿ ಈ ಬಾರಿ ನಾವು ಚರ್ಚೆಗೆ ಎತ್ತಿಕೊಂಡದ್ದು ಇದೊಂದೇ ಪ್ರಶ್ನೆ: ಚಾಪ್ಲಿನ್ ಯಾರ ಕಡೆಯವರು? ಬಾಗಿಲು ತೆರೆದು ಒಳಗೆ ಬಿಟ್ಟ ಸಂಸ್ಥೆಯ ಕಡೆಯವರೋ, ಒಳಗೆ ಮಲಗಿರುವ ಮನುಷ್ಯನ ಕಡೆಯವರೋ?

ಈ ಗೊಂದಲ ಆ ಹೆಸರಿನಲ್ಲೇ ಇದೆ. 4ನೇ ಶತಮಾನದಲ್ಲಿ ರೋಮನ್ ಸೈನಿಕರಾಗಿದ್ದ ಸಂತ ಮಾರ್ಟಿನರು, ಇಂದಿನ ಫ್ರಾನ್ಸಿನ ಅಮಿಯೆನ್ ಪಟ್ಟಣದ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನೊಬ್ಬನನ್ನು ಕಂಡು, ತಮ್ಮ ಮೇಲಂಗಿಯನ್ನು ಕತ್ತಿಯಿಂದ ಎರಡಾಗಿ ಕತ್ತರಿಸಿ ಅರ್ಧ ಕೊಟ್ಟ ಕಥೆಯನ್ನು ಧರ್ಮೋಪದೇಶದ ತರಗತಿಯಲ್ಲಿ ಕೇಳಿದ್ದೇವೆ. ಆಗ ಅವರಿಗೆ ಜ್ಞಾನಸ್ನಾನವೂ ಆಗಿರಲಿಲ್ಲ. ಮುಂದೆ ಅವರು ಟೂರ್ಸ್ ಪಟ್ಟಣದ ಧರ್ಮಾಧ್ಯಕ್ಷರಾಗಿ 397ರಲ್ಲಿ ತೀರಿಕೊಂಡರು. ಅವರಲ್ಲಿ ಉಳಿದದ್ದೆಂದು ಜನ ಗೌರವಿಸುತ್ತಿದ್ದ ಆ ಬಟ್ಟೆಯನ್ನು ಫ್ರಾಂಕ್ ರಾಜರು ಯುದ್ಧಕ್ಕೆ ಹೊತ್ತುಕೊಂಡು ಹೋಗುತ್ತಿದ್ದರು, ಅದರ ಮೇಲೆ ಆಣೆ ಇಡಿಸುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ‘ಕಪ್ಪೆಲ್ಲ’ ಎಂದು ಹೆಸರು, ಚಿಕ್ಕ ಮೇಲಂಗಿ ಎಂದು ಅರ್ಥ. ಅದನ್ನು ಇಟ್ಟ ಜಾಗ ಚಾಪೆಲ್ ಆಯಿತು, ಅದನ್ನು ಕಾಯುವ ಗುರು ಚಾಪ್ಲಿನ್ ಆದರು.

ಅಂದರೆ ಹೆಸರು ಬಂದದ್ದು ರಾಜನ ಪಾಲಿಗೆ ಉಳಿದ ಅರ್ಧದಿಂದ, ಕೆಲಸ ಇರುವುದು ಭಿಕ್ಷುಕ ಹೊದ್ದುಕೊಂಡು ಹೋದ ಅರ್ಧದಲ್ಲಿ. ಆ ಅರ್ಧ ಎಲ್ಲಿ ಹೋಯಿತೆಂದು ಯಾರೂ ಬರೆದಿಡಲಿಲ್ಲ.

1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 564ನೇ ವಿಧಿಯಿಂದ ಚಾಪ್ಲಿನ್‌ರ ವಿಷಯ ಶುರುವಾಗುತ್ತದೆ. ಒಂದು ಸಮುದಾಯದ ಅಥವಾ ವಿಶೇಷ ಗುಂಪಿನ ಭಕ್ತರ ಪಾಲನೆಯನ್ನು ಸ್ಥಿರವಾಗಿ ವಹಿಸಿಕೊಂಡ ಗುರುವೇ ಚಾಪ್ಲಿನ್. ವಲಸಿಗರು, ನಿರಾಶ್ರಿತರು, ಅಲೆಮಾರಿಗಳು, ಹಡಗಿನಲ್ಲಿ ದುಡಿಯುವವರು, ಹೀಗೆ ಧರ್ಮಕೇಂದ್ರದ ಗುರುವಿನ ಕೈಗೆ ಸಿಗದವರಿಗೆ ಆದಷ್ಟೂ ಚಾಪ್ಲಿನ್‌ರನ್ನು ಕೊಡಬೇಕೆಂದು 568ನೇ ವಿಧಿ ಹೇಳುತ್ತದೆ. ಇದರ ಅರ್ಥ ತಿಳಿಯಲು ನಾವು ದೂರ ಹೋಗಬೇಕಿಲ್ಲ. 1934ರಲ್ಲಿ ಮೇಟ್ಟೂರು ಅಣೆಕಟ್ಟು ಮುಗಿದು ಕಾವೇರಿ ನಿಂತಾಗ ಊರುಗಳು ಮುಳುಗಿದವು. ಪಣ್ಣವಾಡಿಯ ಬಳಿ ಅಂದು ಮುಳುಗಿದ ಚರ್ಚಿನ ಗೋಪುರಗಳು, ಜಲಾಶಯ ತೀರಾ ಇಳಿದ ವರ್ಷಗಳಲ್ಲಿ ಇಂದಿಗೂ ನೀರಿನಿಂದ ತಲೆ ಎತ್ತುತ್ತವೆ, ಪತ್ರಿಕೆಯವರು ಫೋಟೋ ಹಾಕುತ್ತಾರೆ. ಕಟ್ಟಡ ಅಲ್ಲೇ ಉಳಿಯಿತು, ಜನ ಗಂಟುಮೂಟೆ ಕಟ್ಟಿ ಹೊರಟರು. ಧರ್ಮಕೇಂದ್ರ ನೆಲಕ್ಕೆ ಕಟ್ಟಿಕೊಂಡದ್ದು. ಜನರ ಹಿಂದೆ ಹೋಗಲು ಬೇರೊಬ್ಬರು ಬೇಕು.

ಆದರೆ ಹಾಗೆ ಹೋಗುವ ಜಾಗ ಚಾಪ್ಲಿನ್‌ರದಲ್ಲ. ಧರ್ಮಕೇಂದ್ರದಲ್ಲಿ ಬೀಗದ ಕೈ ಸ್ವಾಮಿಗಳ ಹತ್ತಿರ ಇರುತ್ತದೆ. ಜೈಲಿನಲ್ಲಿ ಅದು ಅಧಿಕಾರಿಯ ಹತ್ತಿರ. ಇಂದು ಕೊಟ್ಟ ಅನುಮತಿಯನ್ನು ನಾಳೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಭಾರತೀಯ ಸೇನೆಯಲ್ಲಿ ಪಂಡಿತ, ಮೌಲ್ವಿ, ಗ್ರಂಥಿಗಳ ಜೊತೆಗೆ ಪಾದ್ರಿಯೂ ‘ಧಾರ್ಮಿಕ ಶಿಕ್ಷಕ’ ಎಂಬ ಹುದ್ದೆಯಲ್ಲಿ ಸಮವಸ್ತ್ರದವರೇ, ಸಂಬಳ ಸೇನೆಯದೇ. ಬಂದಿಯ ಬೆನ್ನಿನ ಮೇಲೆ ಬಾಸುಂಡೆ ಕಂಡ ಗುರು ಏನು ಮಾಡಬೇಕು? ಮಾತಾಡಿದರೆ ಮುಂದಿನ ವಾರ ಗೇಟು ತೆರೆಯದೆ ಹೋಗಬಹುದು, ಉಳಿದ ನೂರು ಮಂದಿಗೆ ಪರಮಪ್ರಸಾದ ತಪ್ಪಬಹುದು. ಸುಮ್ಮನಿದ್ದರೆ ಅವರೂ ಆ ಗೋಡೆಯ ಒಂದು ಕಲ್ಲು. ನಮ್ಮ ಬಳಗದಲ್ಲಿ ಇದಕ್ಕೆ ಒಮ್ಮತ ಬರಲಿಲ್ಲ. ನೂರು ಮಂದಿಯ ಲೆಕ್ಕ ಹಾಕುವುದು ಆಡಳಿತದವರ ಕೆಲಸ, ಕುರಿಗಾಹಿ ಲೆಕ್ಕ ಹಾಕಿದ್ದು ಒಂದನ್ನು ಎಂದು ಕೆಲವರು ವಾದಿಸಿದರು. ನಾವೂ ಆ ಕಡೆಗೇ ವಾಲುತ್ತೇವೆ. ಆದರೆ ಗೇಟಿನ ಹೊರಗೆ ಕುಳಿತು ಹೀಗೆ ಹೇಳುವುದು ಸುಲಭ ಎಂಬುದೂ ಗೊತ್ತು.

ಮನುಷ್ಯನ ಕಡೆಯವರಾಗುವುದೆಂದರೆ ಅವನು ಹೇಳಿದ್ದಕ್ಕೆಲ್ಲ ಹೂಂ ಅನ್ನುವುದೂ ಅಲ್ಲ. ಎರಡನೇ ಮಹಾಯುದ್ಧದ ನಂತರ ನ್ಯೂರೆಂಬರ್ಗ್ ಜೈಲಿನಲ್ಲಿ ವಿಚಾರಣೆಗೆ ನಿಂತ ನಾಜಿ ನಾಯಕರಿಗೆ ಅಮೆರಿಕದ ಸೇನೆ ಇಬ್ಬರು ಚಾಪ್ಲಿನ್‌ರನ್ನು ಕೊಟ್ಟಿತ್ತು. ಒಬ್ಬರು ಲೂಥರನ್ ಪಾದ್ರಿ ಹೆನ್ರಿ ಗೆರೆಕೆ, ಇನ್ನೊಬ್ಬರು ನಮ್ಮ ಫ್ರಾನ್ಸಿಸ್ಕನ್ ಗುರು ಸಿಕ್ಸ್ಟಸ್ ಓಕಾನರ್. ಲಕ್ಷಗಟ್ಟಲೆ ಜನರನ್ನು ಕೊಂದವರ ಕೋಣೆಗೆ ಅವರು ದಿನವೂ ಹೋಗಿ ಕುಳಿತರು. ಪೋಲೆಂಡನ್ನು ನರಕ ಮಾಡಿದ ಹಾನ್ಸ್ ಫ್ರಾಂಕ್ ಆ ಜೈಲಿನಲ್ಲೇ ಕಥೋಲಿಕ ವಿಶ್ವಾಸಕ್ಕೆ ಬಂದು, 1946ರ ಅಕ್ಟೋಬರ್ 16ರಂದು ಗಲ್ಲಿಗೇರಿದ. ಗೋರಿಂಗ್ ಕೊನೆಯಲ್ಲಿ ಪ್ರಭುಭೋಜನ ಕೇಳಿದಾಗ, ಕ್ರಿಸ್ತರನ್ನೇ ನಂಬದವನಿಗೆ ಅದನ್ನು ಕೊಡಲಾರೆ ಎಂದು ಗೆರೆಕೆ ನಿರಾಕರಿಸಿದರು. ಸೇನೆ ಕಳಿಸಿದ್ದು ಅವರನ್ನು, ಆದರೆ ಅವರು ಸೇನೆಗಾಗಿ ಗೂಢಚಾರಿಕೆ ಮಾಡಲಿಲ್ಲ. ಬಂದಿಯ ಬಳಿ ಕುಳಿತರು, ಅವನ ಮುಖ ನೋಡಿ ಸಂಸ್ಕಾರವನ್ನು ಅಗ್ಗ ಮಾಡಲಿಲ್ಲ.

ಆ ಇಬ್ಬರಿಗೂ ಜರ್ಮನ್ ಭಾಷೆ ಬರುತ್ತಿತ್ತು, ಅವರನ್ನು ಆರಿಸಿದ್ದಕ್ಕೆ ಅದೊಂದು ಮುಖ್ಯ ಕಾರಣ. ಶತ್ರುವಿಗೂ ಅವನ ಭಾಷೆಯ ಗುರು ಬೇಕೆಂದು ಗೆದ್ದವರು ಒಪ್ಪಿದ್ದರು.

ಇಲ್ಲಿಂದ ವಿಷಯ ನಮ್ಮ ಮನೆಬಾಗಿಲಿಗೆ ಬರುತ್ತದೆ. ನಮ್ಮ ಪ್ರಾಂತ್ಯದ ನೆಲ ಮೊದಲಿಂದಲೂ ಹಲವು ಭಾಷೆಗಳದು. ಸೇಲಂ ಧರ್ಮಪ್ರಾಂತ್ಯ 1930ರಲ್ಲಿ, ಅದರಿಂದ ಧರ್ಮಪುರಿ 1997ರಲ್ಲಿ ಆದವು. ಯುವಜನರಾದ ನಾವು ಶಾಲೆಯಲ್ಲಿ ತಮಿಳು ಕಲಿತವರು, ಬಿ.ಎಸ್ಸಿ.ಯನ್ನು ಇಂಗ್ಲಿಷಿನಲ್ಲಿ ಮುಗಿಸಿದವರು, ಯಾವ ಭಾಷೆಯಲ್ಲಾದರೂ ಪಾಪನಿವೇದನೆ ಮಾಡಿಯೇವು. ನಮ್ಮ ಅಜ್ಜಿಯಂದಿರಿಗೆ ತಮಿಳು ಸಂತೆಗೆ ಸಾಕು, ಬಸ್ಸಿಗೆ ಸಾಕು. ಅರುವತ್ತು ವರ್ಷದ ಹಿಂದೆ ಅತ್ತಿಗೆಗೆ ಮಾಡಿದ ಅನ್ಯಾಯವನ್ನು ಹೇಳಿಕೊಳ್ಳಲು ಸಾಲದು. ಸರ್ಕಾರಿ ಆಸ್ಪತ್ರೆಯಲ್ಲಿ ಚಾಪ್ಲಿನ್ ಎಂಬ ಹುದ್ದೆ ಇಲ್ಲ, ಹತ್ತಿರದ ಚರ್ಚಿನ ಸ್ವಾಮಿಗಳೇ ಕರೆದಾಗ ಓಡಿ ಬರುತ್ತಾರೆ. ಅವರು ತಮಿಳಿನವರು. ಪ್ರೀತಿಯಿಂದ ಬರುತ್ತಾರೆ, ರಾತ್ರಿ ಹನ್ನೆರಡಕ್ಕೂ ಬರುತ್ತಾರೆ. ಅಜ್ಜಿ ‘ಸರಿ ಸಾಮಿ, ಸರಿ ಸಾಮಿ’ ಎನ್ನುತ್ತಾರೆ. ಅಷ್ಟರಲ್ಲಿ ಮುಗಿಯುತ್ತದೆ.

ಧರ್ಮಸಭೆ ಇದನ್ನು ಯೋಚಿಸದೆ ಬಿಟ್ಟಿಲ್ಲ. ದುಭಾಷಿಯ ಮೂಲಕ ಪಾಪನಿವೇದನೆ ಮಾಡಬಹುದೆಂದು 990ನೇ ವಿಧಿ ಹೇಳುತ್ತದೆ. ಗುಟ್ಟನ್ನು ಕಾಪಾಡುವ ಹೊಣೆ ಆ ದುಭಾಷಿಗೂ ಇದೆಯೆಂದು 983 ಹೇಳುತ್ತದೆ. ಪ್ರಜ್ಞೆ ತಪ್ಪಿದವರಿಗೂ ಅಭ್ಯಂಗ ಸಂಸ್ಕಾರ ಕೊಡಬಹುದು, ದೇವರ ಕರುಣೆ ನಮ್ಮ ವ್ಯಾಕರಣಕ್ಕೆ ಕಾಯುವುದಿಲ್ಲ. ಹಾಗಿದ್ದರೆ ಕನ್ನಡದ ಗುರು ಬೇಕೆಂಬ ಹಟ ಏಕೆ? ನಮ್ಮ ಉತ್ತರ ಇಷ್ಟೇ: ಅಜ್ಜಿಗೆ ದುಭಾಷಿಯಾಗಿ ನಿಲ್ಲುವವರು ಬಹುಪಾಲು ಅವರ ಮೊಮ್ಮಗಳೇ. ಮೊಮ್ಮಗಳ ಎದುರಿಗೆ ಯಾವ ಅಜ್ಜಿ ಬಾಯಿ ಬಿಟ್ಟಾರು? ಕಾನೂನು ಬಾಗಿಲು ತೆರೆದಿದೆ, ನಾಚಿಕೆ ಮುಚ್ಚುತ್ತದೆ. ಇದು ಬಾವುಟದ ಪ್ರಶ್ನೆಯಲ್ಲ. ಮಂಗಳೂರಿನ ಪುಸ್ತಕದ ಕನ್ನಡವೂ ನಮ್ಮ ಅಜ್ಜಿಗೆ ಅರ್ಧ ಹೊರಗಿನದೇ. ಬೇಕಾದದ್ದು ಆಕೆಯ ಮಾತು ಕೇಳಿ ಅರ್ಥವಾಗುವ ಒಬ್ಬ ಗುರು, ಹತ್ತು ನಿಮಿಷ.

ಒಂದು ಮಾತು ನಮಗೆ ನಾವೇ ಹೇಳಿಕೊಳ್ಳಬೇಕು. ಇಲ್ಲಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಹೋದ ತಮಿಳು ಕಥೋಲಿಕರು ಅಲ್ಲಿ ನಮ್ಮ ಹಾಗೆಯೇ ಬೇರೆ ಮನೆಮಾತಿನವರು. ಅಲ್ಲಿ ಬಲಿಪೂಜೆಯ ಭಾಷೆಯ ಜಗಳ ದಶಕಗಳಷ್ಟು ಹಳೆಯದು. ಸೇಲಂನ ವಾರ್ಡಿನಲ್ಲಿ ಕನ್ನಡದ ಅಜ್ಜಿಗಾಗಿ ನಾವು ಕೇಳುವುದನ್ನು ಬೆಂಗಳೂರಿನ ವಾರ್ಡಿನಲ್ಲಿ ತಮಿಳಿನ ತಾತನಿಗೆ ಬೇಡ ಎನ್ನುವ ಹಾಗಿಲ್ಲ. ಬೇಡ ಎಂದರೆ ನಾವು ಕೇಳುತ್ತಿರುವುದು ರಾಜನ ಪಾಲಿನ ಅರ್ಧವನ್ನೇ.

ಕನ್ನಡ ಬಲ್ಲ ಗುರುಗಳು ಕಡಿಮೆ, ದಾರಿ ದೂರ. ಪಾಪ ಕ್ಷಮಿಸುವ, ಅಭ್ಯಂಗ ಕೊಡುವ ಅಧಿಕಾರ ಗುರುಗಳಿಗೆ ಮಾತ್ರ. ಆದರೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂರಲು, ಕನ್ನಡದಲ್ಲಿ ಜಪಸರ ಹೇಳಿಕೊಡಲು, ಅಜ್ಜಿಗೆ ಸ್ವಾಮಿಗಳು ಬೇಕೋ ಎಂದು ಹೊತ್ತು ಮೀರುವ ಮುಂಚೆ ಕೇಳಲು ಯುವಜನರಿಗೆ ಅಡ್ಡಿ ಇಲ್ಲ. ಮನೆಯವರು ಆಸ್ಪತ್ರೆ ಸೇರಿದರೆ ಅವರ ಹೆಸರು, ವಾರ್ಡು, ಹಾಸಿಗೆ ಸಂಖ್ಯೆ, ಮನೆಮಾತು ಈ ನಾಲ್ಕನ್ನು ಬರೆದು ಕೊಡಿ. ಪ್ರಜ್ಞೆ ಇರುವಾಗಲೇ ಕೊಡಿ. ಕನ್ನಡ ಬಲ್ಲ ಸ್ವಾಮಿಗಳಿಗೆ ಫೋನು ಮಾಡುವ, ಬಸ್ ನಿಲ್ದಾಣದಿಂದ ಬೈಕಿನಲ್ಲಿ ಕರೆತರುವ ಕೆಲಸ ನಮ್ಮದು. ಭಾನುವಾರ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಎಡಬಾಗಿಲ ಬಳಿ ಇರುತ್ತೇವೆ.