ಮಳೆಗಾಲದ ವಾಸ, ವೀಸಾದ ಅವಧಿ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ಸಾಣಾಪುರದ ಕಡೆಗೆ ಹೋಗುವ ದಾರಿಯಲ್ಲಿ, ಅಂಜನಾದ್ರಿಯ ಆಸುಪಾಸಿನಲ್ಲಿರುವ ಹನುಮನಹಳ್ಳಿಯು, ತುಂಗಭದ್ರೆಯ ಉತ್ತರ ದಡದ ಇತರ ಊರುಗಳಂತೆಯೇ, ಹಂಪಿಗೆಂದು ಬಂದು ದೀರ್ಘಕಾಲ ಉಳಿಯುವ ವಿದೇಶಿ ಪ್ರವಾಸಿಗರನ್ನು ಬಲ್ಲ ಊರು. 2020ರ ಮಾರ್ಚ್ 22ರಿಂದ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ನಿಂತು, 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ, ಭಾರತದಲ್ಲಿದ್ದ ಇಂಥ ಪ್ರವಾಸಿಗರಿಗೆ ಎರಡು ಆಜ್ಞೆಗಳು ಎದುರಾದವು: ವೀಸಾದ ಅವಧಿ ಮುಗಿದೊಡನೆ ದೇಶ ಬಿಡಬೇಕೆಂಬುದು ಒಂದು, ಇದ್ದಲ್ಲಿಂದ ಕದಲಬಾರದೆಂಬುದು ಇನ್ನೊಂದು. ಎರಡನ್ನೂ ವಿಧಿಸಿದ್ದು ಒಂದೇ ಪ್ರಭುತ್ವ. ಹೀಗಿರುವಾಗ ಉಳಿಯಲು ದೊರೆತ ಅನುಮತಿಯು ಅನುಗ್ರಹವೋ, ಉಳಿಯುವುದೇ ಅವರ ಕರ್ತವ್ಯವೆಂದು ಒಪ್ಪಿಕೊಂಡದ್ದೋ ಎಂಬ ಪ್ರಶ್ನೆಯು ಕಾನೂನಿನ ಎಲ್ಲೆಯನ್ನು ಮೀರಿ ಧರ್ಮಜಿಜ್ಞಾಸೆಗೆ ಸೇರುತ್ತದೆ.

ಇಂಥಲ್ಲಿ ತಟ್ಟನೆ ನೆನಪಾಗುವುದು ಅತಿಥಿಧರ್ಮ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ಅತಿಥಿಯನ್ನು ದೇವರೆಂದು ಕಾಣಲು ಹೇಳುತ್ತದೆ, ನಿಜ. ಆದರೆ ಮನುಸ್ಮೃತಿಯ ಮೂರನೆಯ ಅಧ್ಯಾಯವು ಒಂದು ರಾತ್ರಿ ಮಾತ್ರ ತಂಗುವವನನ್ನೇ ಅತಿಥಿಯೆಂದು ಗುರುತಿಸುವುದರಿಂದ, ಮರುದಿನ ಅವನು ಹೊರಡುತ್ತಾನೆಂಬ ಭರವಸೆಯೇ ಆ ಸತ್ಕಾರದ ತಳಹದಿಯಾಗಿದೆ. 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದ ಜರ್ಮನ್ ತತ್ತ್ವಜ್ಞಾನಿ ಕಾಂಟ್, ಪರದೇಶಿಗೆ ಭೇಟಿಯ ಹಕ್ಕನ್ನಷ್ಟೇ ಕೊಟ್ಟು, ಅವನ ನಾಶಕ್ಕೆ ಕಾರಣವಾಗದಂತಿದ್ದರೆ ಅವನನ್ನು ಹಿಂದಕ್ಕೆ ಕಳುಹಿಸಬಹುದೆಂದ. ಅದು ಅಗತ್ಯವಾದ ಕನಿಷ್ಠ ರಕ್ಷಣೆಯೇ ಹೌದು. ಆದರೆ ಉಳಿದವನ ಬಾಳು ಹೇಗಿರಬೇಕೆಂಬುದನ್ನು ಅದು ಹೇಳುವುದಿಲ್ಲ.

ಆ ಪ್ರವಾಸಿಗರ ಸ್ಥಿತಿಗೆ ಹೆಚ್ಚು ಹತ್ತಿರವಾದದ್ದು ಚಾತುರ್ಮಾಸ್ಯ, ಅಂದರೆ ವರ್ಷದ ಉಳಿದ ಕಾಲವೆಲ್ಲ ಸಂಚರಿಸಬೇಕಾದ ಸನ್ಯಾಸಿಯು ಮಳೆಗಾಲದಲ್ಲಿ ಒಂದೇ ಕಡೆ ನೆಲೆನಿಲ್ಲುವ ವ್ರತ. ಕೊಪಣವೆಂಬ ಹೆಸರಿನಿಂದ ಜೈನರ ಮಹಾತೀರ್ಥವಾಗಿದ್ದ ಕೊಪ್ಪಳದ ಸೀಮೆಗೆ ಇದು ಹೊಸ ವಿಚಾರವಲ್ಲ. ಮಳೆ ಬಿದ್ದ ನೆಲದ ತುಂಬ ಚಿಗುರೂ ಹುಳುಹುಪ್ಪಟೆಗಳೂ ಇರುವಾಗ ನಡೆದಾಡಿದರೆ ಜೀವಹಿಂಸೆಯಾಗುತ್ತದೆಂಬುದು ಜೈನರೂ ಬೌದ್ಧರೂ ಇದಕ್ಕೆ ಕೊಡುವ ಕಾರಣ. ಉಳಿಯುವವನ ಸುಖವು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ತನ್ನ ಚಲನೆಯಿಂದ ಇತರರ ಪ್ರಾಣಕ್ಕೆ ಕುತ್ತು ಬರಬಾರದೆಂದು ಅವನು ನಿಲ್ಲುತ್ತಾನೆ, ಅವನಿಗೆ ಅನ್ನ ಆಶ್ರಯ ಕೊಡುವ ಊರು ಆ ವ್ರತದಲ್ಲಿ ಪಾಲುಗೊಳ್ಳುತ್ತದೆ. ಸೋಂಕು ಹರಡುವ ಕಾಲದಲ್ಲಿ ಕದಲದೆ ಕುಳಿತ ಪರದೇಶಿಯ ವಾಸಕ್ಕೂ ಇದೇ ಸಮರ್ಥನೆ ಸಲ್ಲುತ್ತದೆ. ಊರಿನ ಪಾಲೂ ಸುಲಭದ್ದಾಗಿರಲಿಲ್ಲವೆಂಬುದನ್ನು ಮರೆಯಬಾರದು: ನೆರೆಯ ವಿರೂಪಾಪುರಗಡ್ಡೆಯ ರೆಸಾರ್ಟುಗಳು ಸುಪ್ರೀಂ ಕೋರ್ಟಿನ ತೀರ್ಪಿನಂತೆ ಅದೇ ಮಾರ್ಚ್ ತಿಂಗಳ ಆರಂಭದಲ್ಲಿ ನೆಲಸಮವಾಗಿ, ಆಶ್ರಯ ಕೊಡುತ್ತಿದ್ದವರೇ ಆಸರೆ ಕಳೆದುಕೊಂಡಿದ್ದರು.

ಹೊಳೆಯ ಆಚೆ ದಡದ ಮಾಲ್ಯವಂತ ಬೆಟ್ಟದಲ್ಲಿ ರಾಮಲಕ್ಷ್ಮಣರು ಮಳೆಗಾಲವನ್ನು ಕಳೆದರೆಂಬುದು ಹಂಪಿಯ ಸ್ಥಳಪುರಾಣ. ವಾಲ್ಮೀಕಿಯ ರಾಮನು ವನವಾಸದ ನಿಯಮಕ್ಕೆ ಬದ್ಧನಾಗಿ ಕಿಷ್ಕಿಂಧೆಯನ್ನು ಪ್ರವೇಶಿಸದೆ, ಹೊರಗಿನ ಬೆಟ್ಟದ ಗುಹೆಯಲ್ಲಿ ತಿಂಗಳುಗಳನ್ನು ದೂಡುತ್ತಾನೆ. ಆ ವಾಸಕ್ಕೆ ಸುಗ್ರೀವನ ಅಪ್ಪಣೆ ಬೇಕೆಂಬ ಮಾತೇ ಅಲ್ಲಿ ಏಳುವುದಿಲ್ಲ. ಆದರೆ ಮಳೆ ನಿಂತ ಮೇಲೂ ಸುಗ್ರೀವನು ಮಾತು ಮರೆತು ಕುಳಿತಾಗ ಲಕ್ಷ್ಮಣನು ಸಿಟ್ಟಿನಿಂದ ನಗರಕ್ಕೆ ಬರುತ್ತಾನೆ. ಕಾರಣವಿರುವವರೆಗೆ ನಿಲ್ಲುವುದು ಧರ್ಮವಾದರೆ, ಕಾರಣ ತೀರಿದ ಮೇಲೆ ಚಲಿಸುವುದೂ ಅಷ್ಟೇ ಧರ್ಮ.

ವ್ರತಕ್ಕೆ ಪಂಚಾಂಗವಿದೆ, ಸೋಂಕಿಗೆ ಇರಲಿಲ್ಲ, ಸಂಕಟವಿದ್ದದ್ದು ಇಲ್ಲಿಯೇ. 2020ರ ಫೆಬ್ರುವರಿ 1ರ ಬಳಿಕ ಅವಧಿ ಮುಗಿದ ವೀಸಾಗಳನ್ನು ಕೇಂದ್ರ ಗೃಹ ಸಚಿವಾಲಯವು ಶುಲ್ಕವಿಲ್ಲದೆ ವಿಸ್ತರಿಸಿತು, ಆದರೆ ವಿದೇಶಿಯರ ನೋಂದಣಿ ಕಚೇರಿಗೆ, ಅಂದರೆ ಎಫ್‌ಆರ್‌ಆರ್‌ಒಗೆ, ಆನ್‌ಲೈನ್ ಅರ್ಜಿ ಹಾಕಬೇಕೆಂದಿತು. ಗಡುವು ಮೇ 3ಕ್ಕೆ ಬಂದು, ಅನಂತರ ಅಂತರರಾಷ್ಟ್ರೀಯ ವಿಮಾನಯಾನದ ನಿಷೇಧ ತೆರವಾದ ಬಳಿಕ 30 ದಿನಗಳವರೆಗೆ ಎಂದಾಯಿತು. ಹೊರಡಲಾಗದವನು ಉಳಿಯಲು ಅರ್ಜಿ ಹಾಕಬೇಕಾದಾಗ, ಅವನ ಕರ್ತವ್ಯವೇ ಯಾಚನೆಯ ರೂಪ ತಾಳಿತು. 2021ರ ಜೂನ್‌ನಲ್ಲಿ ಸಚಿವಾಲಯವು, ಸಿಲುಕಿದವರ ವೀಸಾ ಆಗಸ್ಟ್ 31ರವರೆಗೆ ಅರ್ಜಿಯಿಲ್ಲದೆಯೇ ಸಿಂಧುವೆಂದು ಘೋಷಿಸಿದ್ದು ಈ ದೃಷ್ಟಿಯಿಂದ ಬಹಳ ದೊಡ್ಡ ಹೆಜ್ಜೆ; ಉಳಿದವನು ಬೇಡುವವನಲ್ಲ ಎಂಬ ಮನ್ನಣೆ ಅದರಲ್ಲಿತ್ತು, ಮತ್ತು ಅದು ಮೊದಲ ದಿನವೇ ಸಲ್ಲಬೇಕಿತ್ತು. ಆ ಗಡುವು ಮುಂದೆ ಸೆಪ್ಟೆಂಬರ್ 30ಕ್ಕೆ ಸರಿಯಿತು. ಆಮೇಲೂ ಉಳಿಯಬಯಸಿದವರು ಎಂದಿನಂತೆ ಶುಲ್ಕ ತೆತ್ತು ಅರ್ಜಿ ಸಲ್ಲಿಸಬೇಕಾಯಿತು.