ನೋಟಕನೋ, ಅತಿಥಿಯೋ?

ಮನುಷ್ಯನು ಮನುಷ್ಯನನ್ನು ನೋಡುವುದರಲ್ಲಿ ತಪ್ಪೇನಿದೆ? ಸಂತೆಯಲ್ಲಿ, ಜಾತ್ರೆಯಲ್ಲಿ, ಬೀದಿಯಲ್ಲಿ ನಾವು ದಿನವೂ ಒಬ್ಬರನ್ನೊಬ್ಬರು ನೋಡುತ್ತಲೇ ಇರುತ್ತೇವೆ. ಆದರೂ ಕೆಲವು ನೋಟಗಳಿಂದ ನಮಗೆ ಆದರ ದೊರೆತಂತಾಗುತ್ತದೆ. ಕೆಲವು ನೋಟಗಳಿಂದ ಅವಮಾನವಾದಂತಾಗುತ್ತದೆ. ಈ ಎರಡರ ನಡುವಣ ಗೆರೆ ಎಲ್ಲಿದೆ ಎಂಬುದು ನೀತಿಯ ಪ್ರಶ್ನೆ. ಇದನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಮೇಲು. ಪೂರ್ವ ಆಫ್ರಿಕದಲ್ಲಿ ನಡೆಯುವ ಸಫಾರಿ ಪ್ರವಾಸದ ಒಂದು ದಿನವು ಅಂತಹ ನಿದರ್ಶನವಾಗಿದೆ.

'ಸಫಾರಿ' ಎಂಬುದು ಸ್ವಾಹಿಲಿ ಭಾಷೆಯ ಮಾತು. ಅದರ ಮೂಲವು ಅರಬ್ಬಿಯಲ್ಲಿದೆ. ಹಿಂದೂಸ್ತಾನಿಯ ಬಳಕೆಯಿರುವ ಸೀಮೆಯ ವಾಚಕರಿಗೆ ಪರಿಚಿತವಾದ 'ಸಫರ್' ಎಂಬ ಪದವೂ ಅದೇ ಬೇರಿನದು. ಎರಡಕ್ಕೂ ಅರ್ಥ ಪ್ರಯಾಣವೆಂದಷ್ಟೆ. ಆದರೆ ಬಿಳಿಯರ ಆಳ್ವಿಕೆಯಲ್ಲಿ ಆ ಮಾತಿಗೆ ಬೇಟೆಯ ಅರ್ಥವು ಅಂಟಿಕೊಂಡಿತು. ಈಗ ಬಂದೂಕಿನ ಸ್ಥಾನಕ್ಕೆ ಕ್ಯಾಮರಾ ಬಂದಿದೆ. ಆದರೂ ಸಿಂಹ, ಆನೆ, ಚಿರತೆ, ಖಡ್ಗಮೃಗ, ಕಾಡುಕೋಣ ಎಂಬ ಐದನ್ನು 'ದೊಡ್ಡ ಐದು' ಎಂದು ಎಣಿಸುವ ಬೇಟೆಗಾರರ ಲೆಕ್ಕವು ಇಂದಿಗೂ ಉಳಿದುಕೊಂಡಿದೆ.

ಕೀನ್ಯಾ ದೇಶದ ಮಸಾಯಿ ಮಾರಾ ಬಯಲಿನಲ್ಲಿ ಪ್ರವಾಸಿಯ ದಿನಚರಿಯು ಬಹುಮಟ್ಟಿಗೆ ಹೀಗಿರುತ್ತದೆ. ಬೆಳಗಾಗುವ ಮೊದಲೇ ಮೇಲ್ಛಾವಣಿ ತೆರೆದ ವಾಹನದಲ್ಲಿ ಹೊರಡುವುದು. ಸಿಂಹ ಚಿರತೆಗಳನ್ನು ಅರಸುವುದು. ಕಾಲ ಅನುಕೂಲವಾಗಿದ್ದರೆ, ತಾಂಜಾನಿಯದ ಸೆರೆಂಗೆಟಿಗೂ ಮಾರಾಕ್ಕೂ ನಡುವೆ ವರ್ಷವಿಡೀ ಸುತ್ತುವ, ಹತ್ತು ಲಕ್ಷಕ್ಕೂ ಮಿಕ್ಕ ವಿಲ್ಡೆಬೀಸ್ಟ್ ಎಂಬ ಪ್ರಾಣಿಗಳ ಹಿಂಡುಗಳನ್ನು ಕಾಣುವುದು. ಮಧ್ಯಾಹ್ನ ಬಿಡಾರದಲ್ಲಿ ಊಟ, ವಿಶ್ರಾಂತಿ. ಇಳಿಹೊತ್ತಿನಲ್ಲಿ 'ಮಸಾಯಿ ಗ್ರಾಮ ಸಂದರ್ಶನ'. ಮುಳ್ಳುಬೇಲಿಯ ಬಾಗಿಲಲ್ಲಿ ಇಂಗ್ಲಿಷ್ ಬಲ್ಲ ಯುವಕನೊಬ್ಬನು ಎದುರುಗೊಳ್ಳುತ್ತಾನೆ. ತಲೆಗಿಷ್ಟು ಎಂದು ಹಣ ಸಲ್ಲುತ್ತದೆ. ಕೆಂಪು ವಸ್ತ್ರ ಹೊದ್ದ ತರುಣರು ನಿಂತಲ್ಲಿಯೇ ಎತ್ತರಕ್ಕೆ ನೆಗೆಯುತ್ತ ಕುಣಿಯುತ್ತಾರೆ, ಹೆಂಗಸರು ಹಾಡುತ್ತಾರೆ. ಕಡ್ಡಿ, ಮಣ್ಣು, ಸಗಣಿಗಳಿಂದ ಆ ಹೆಂಗಸರೇ ಕಟ್ಟಿದ ತಗ್ಗು ಮನೆಯೊಳಕ್ಕೆ ಪ್ರವಾಸಿಯು ಬಗ್ಗಿ ಹೋಗಿ ಬರುತ್ತಾನೆ. ಕೊನೆಗೆ ಮಣಿಸರಗಳ ಮಾರಾಟ. ಗಂಟೆಯೊಂದು ಕಳೆಯುವಷ್ಟರಲ್ಲಿ ಎಲ್ಲವೂ ಮುಗಿಯುತ್ತದೆ. ಬೆಳಿಗ್ಗೆ ಸಿಂಹ, ಸಂಜೆ ಮಸಾಯಿ: ಎರಡೂ ಒಂದೇ ಪಟ್ಟಿಯಲ್ಲಿ, ಒಂದೇ ಅಚ್ಚಿನಲ್ಲಿ.

ಈ ಪಟ್ಟಿಯನ್ನು ಓದಿದಾಗ ಮನಸ್ಸಿನಲ್ಲಿ ಏನೋ ಚುಚ್ಚುತ್ತದೆ. ಆದರೆ ಆ ಚುಚ್ಚುವಿಕೆಯು ನ್ಯಾಯವೋ, ಬರಿಯ ಭಾವಾವೇಶವೋ ಎಂಬುದನ್ನು ನಾವು ಪರೀಕ್ಷಿಸಬೇಕು. ಪೂರ್ವಪಕ್ಷವು ದುರ್ಬಲವಾದುದೇನಲ್ಲ. ಮಸಾಯಿಗಳು ತಾವಾಗಿಯೇ ಕರೆಯುತ್ತಾರೆ. ಯಾರೂ ಅವರನ್ನು ಕಟ್ಟಿ ತಂದು ನಿಲ್ಲಿಸಿಲ್ಲ. ಬರಗಾಲದಲ್ಲಿ ದನಗಳು ಸತ್ತರೆ ಮನೆ ನಡೆಯುವುದು ಇಂತಹ ಹಣದಿಂದಲೇ. ಮಣಿಸರ ಮಾರಿದ ತಾಯಿಗೆ ನಾಲ್ಕು ಕಾಸು ಸಿಗುತ್ತದೆ. 'ನನ್ನ ಮನಸ್ಸಿಗೆ ಒಪ್ಪದು' ಎಂದು ಪ್ರವಾಸಿಯು ದೂರ ಉಳಿದರೆ ಅವನ ಮನಸ್ಸು ಹಗುರಾಗಬಹುದು. ಅವಳ ಒಲೆ ಉರಿಯುವುದಿಲ್ಲ. ಅಲ್ಲದೆ, ಜನರ ಮುಂದೆ ಕುಣಿದು ಸಂಭಾವನೆ ಪಡೆಯುವುದು ಅವಮಾನವೆಂದಾದರೆ, ನಮ್ಮ ಯಕ್ಷಗಾನದ ವೇಷಧಾರಿಗೂ ಅದು ಅವಮಾನವಾಗಬೇಡವೆ?

ಈ ಕೊನೆಯ ಮಾತಿನಲ್ಲಿಯೇ ಉತ್ತರದ ಅರ್ಧವು ಅಡಗಿದೆ. ಯಕ್ಷಗಾನದ ಕಲಾವಿದನು ಬೆಳಗಿನ ಜಾವ ಚೌಕಿಗೆ ಹೋಗಿ ಬಣ್ಣ ಒರೆಸಿಕೊಳ್ಳುತ್ತಾನೆ. ರಾತ್ರಿ ರಾವಣನಾಗಿದ್ದವನು ಹಗಲು ಬೇಸಾಯಗಾರನೋ ಅಂಗಡಿಕಾರನೋ ಆಗಿರಬಹುದೆಂದು ಎಲ್ಲರಿಗೂ ಗೊತ್ತು; ಅದಕ್ಕಾಗಿ ಯಾರೂ ಅವನ ಮೇಲೆ ಮುನಿಯುವುದಿಲ್ಲ. ವೇಷ ಕಳಚುವ ಹಕ್ಕು ಅವನಿಗಿದೆ. ಮಸಾಯಿಯ ವಿಷಯದಲ್ಲಿ ಪ್ರವಾಸಿಯು ಈ ಹಕ್ಕನ್ನು ಒಪ್ಪುವುದು ಕಷ್ಟ. ಕೀನ್ಯಾದಲ್ಲಿ 2007ರಿಂದ ಎಂಪೆಸಾ ಎಂಬ ವ್ಯವಸ್ಥೆಯಿಂದ ದೂರವಾಣಿಯ ಮೂಲಕವೇ ಹಣ ಕಳುಹಿಸುವುದು ನಡೆದಿದೆ. ದನಗಾಹಿಗಳೂ ಅದನ್ನು ಬಳಸುತ್ತಾರೆ. ಆದರೆ ಕುಣಿಯುವವನ ಸೊಂಟದಲ್ಲಿ ದೂರವಾಣಿ ಕಂಡರೆ ನೋಟಕನಿಗೆ ಮೋಸಹೋದಂತೆ ತೋರುತ್ತದೆ. ತಾನು ಮಾತ್ರ ವಿಮಾನದಲ್ಲಿ ಬರಬೇಕು, ಅವನು ಮಾತ್ರ ಮುತ್ತಜ್ಜನ ಕಾಲದಲ್ಲಿಯೇ ನಿಂತಿರಬೇಕು ಎಂಬ ಈ ಬಯಕೆಯೇ ಅವಮಾನದ ಮೂಲ. ಹಣ ಕೊಟ್ಟು ಒಂದು ಕುಣಿತವನ್ನು ನೋಡಬಹುದು. ಒಂದು ಜನಾಂಗದ ಭವಿಷ್ಯವನ್ನು ಕೊಳ್ಳಲಾಗದು.

ಉತ್ತರದ ಉಳಿದರ್ಧವು ಭೂಮಿಗೆ ಸಂಬಂಧಿಸಿದುದು. ಬೆಳಿಗ್ಗೆ ಪ್ರವಾಸಿಯು ಕಂಡ ಬಯಲು ನಿರ್ಜನವಾಗಿತ್ತು. ಅದು ಎಂದಿನಿಂದಲೂ ಹಾಗಿತ್ತೆಂದು ಅವನು ತಿಳಿಯುತ್ತಾನೆ. ಚರಿತ್ರೆಯು ಬೇರೆ ಮಾತನ್ನು ಹೇಳುತ್ತದೆ. 1904ರಲ್ಲಿ ಬ್ರಿಟಿಷರು ಮಸಾಯಿಗಳೊಡನೆ ಒಪ್ಪಂದ ಮಾಡಿಕೊಂಡು ನೈವಾಷಾ, ನಕೂರುಗಳ ಸುತ್ತಣ ಉತ್ತಮ ಹುಲ್ಲುಗಾವಲನ್ನು ಬಿಳಿಯ ಬೇಸಾಯಗಾರರಿಗೆ ಬಿಡಿಸಿಕೊಂಡರು. ಮಸಾಯಿ ಜನಾಂಗವು ಇರುವವರೆಗೂ ಈ ಒಪ್ಪಂದಕ್ಕೆ ಭಂಗವಿಲ್ಲವೆಂದು ಮಾತು ಕೊಡಲಾಗಿತ್ತು. ಏಳು ವರ್ಷ ಕಳೆಯಲಿಲ್ಲ. 1911ರಲ್ಲಿ ಉತ್ತರದ ಲೈಕಿಪಿಯಾವನ್ನೂ ಬಿಟ್ಟುಕೊಡುವಂತೆ ಎರಡನೆಯ ಒಪ್ಪಂದವಾಯಿತು. ಮಸಾಯಿಗಳು ನ್ಯಾಯಾಲಯಕ್ಕೆ ಹೋದರು. ಇದು ಎರಡು ರಾಜ್ಯಗಳ ನಡುವಣ ಒಪ್ಪಂದವಾದುದರಿಂದ ದೇಶದೊಳಗಿನ ನ್ಯಾಯಾಲಯವು ಇದನ್ನು ವಿಚಾರಿಸಲಾರದೆಂದು 1913ರಲ್ಲಿ ಅವರ ದಾವೆಯು ವಜಾ ಆಯಿತು. ನೆಲ ಕಳೆದುಕೊಂಡವರಿಗೆ 'ರಾಜ್ಯ'ವೆಂಬ ಬಿರುದೊಂದು ಉಳಿಯಿತು.

ಗಡಿಯಾಚೆಯ ಕಥೆಯೂ ಭಿನ್ನವಲ್ಲ. ಸೆರೆಂಗೆಟಿಯು 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1959ರಲ್ಲಿ ಅಲ್ಲಿಯ ಮಸಾಯಿಗಳು ಅದನ್ನು ತೊರೆಯಬೇಕಾಯಿತು. ಅವರಿಗೂ ಮೃಗಗಳಿಗೂ ಕೂಡಿಯೇ ಎಡೆಯಿರುವುದೆಂದು ಪಕ್ಕದ ಗೊರೊಂಗೊರೊ ಪ್ರದೇಶವನ್ನು ಬೇರ್ಪಡಿಸಲಾಯಿತು. ಅಲ್ಲಿಯೂ 1975ರಲ್ಲಿ ಬೇಸಾಯವನ್ನು ನಿಷೇಧಿಸಿದರು. 2022ರಿಂದ ಅಲ್ಲಿಯ ಕುಟುಂಬಗಳನ್ನು ದೂರದ ಮ್ಸೊಮೆರಾಕ್ಕೆ ಸಾಗಿಸುವ ಕಾರ್ಯ ನಡೆದಿದೆ. ಸ್ವ ಇಚ್ಛೆಯಿಂದ ಹೋಗುತ್ತಿದ್ದಾರೆಂದು ಸರಕಾರವೆನ್ನುತ್ತದೆ. ಬಲವಂತವೆಂದು ಅನೇಕ ನಿವಾಸಿಗಳು ಹೇಳುತ್ತಾರೆ. ಹೀಗಿರುವಲ್ಲಿ, ಬೆಳಗಿನ ನಿರ್ಜನ ಬಯಲೂ ಸಂಜೆಯ ಮುಳ್ಳುಬೇಲಿಯೂ ಎರಡು ಬೇರೆ ಬೇರೆ ನೋಟಗಳಲ್ಲ. ಒಂದೇ ಚರಿತ್ರೆಯ ಎರಡು ತುಂಡುಗಳು. ಆತಿಥೇಯನು ಈ ಮನೆಗೆ ಹೇಗೆ ಬಂದನೆಂಬುದನ್ನು ಅರಿಯಲೊಲ್ಲದವನು ಅತಿಥಿಯಾಗಲಾರನು.

ಇದು ಆಫ್ರಿಕಕ್ಕೆ ಮಾತ್ರ ಸಲ್ಲುವ ಮಾತಲ್ಲ. ನಮ್ಮ ತಾಳವಾಡಿಯ ನೆರೆಯಲ್ಲಿಯೇ ಇರುವ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸಫಾರಿಯ ಜೀಪುಗಳು ಓಡುತ್ತವೆ. ಆ ಕಾಡಿನ ಸೋಲಿಗರು ಅಭಯಾರಣ್ಯವಾದ ಮೇಲೆ ಅಂಚಿಗೆ ಸರಿಯಬೇಕಾಯಿತು. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ ಅವರ ಸಮುದಾಯದ ಹಕ್ಕುಗಳಿಗೆ ಮನ್ನಣೆ ದೊರೆಯಿತು.

ಮಾರಾದ ಸುತ್ತಲೂ ಒಂದು ಬೇರೆ ದಾರಿ ಕಾಣಿಸಿದೆ. 2006ರಲ್ಲಿ ಏರ್ಪಟ್ಟ ಓಲಾರೆ ಓರೊಕ್ ಮೊದಲಾದ ಸಂರಕ್ಷಿತ ಪ್ರದೇಶಗಳಲ್ಲಿ ಮಸಾಯಿ ಭೂಮಾಲೀಕರು ತಮ್ಮ ನೆಲವನ್ನು ಪ್ರವಾಸಿ ಬಿಡಾರಗಳವರಿಗೆ ಗುತ್ತಿಗೆಗೆ ಕೊಟ್ಟು ಬಾಡಿಗೆ ಪಡೆಯುತ್ತಾರೆ. ಕುಂದುಗಳು ಇಲ್ಲವೆಂದಲ್ಲ. ಹಕ್ಕುಪತ್ರಗಳು ಬಹುಪಾಲು ಗಂಡಸರ ಹೆಸರಿನಲ್ಲಿವೆ. ದನ ಮೇಯಿಸಲು ನಿರ್ಬಂಧಗಳೂ ಇವೆ. ಆದರೆ ಬಾಡಿಗೆಯು ದಾನವಲ್ಲ. ಅದನ್ನು ಪಡೆಯಲು ಯಾರೂ ನೆಗೆದು ತೋರಿಸಬೇಕಾಗಿಲ್ಲ.

ಕೆಲವು ಪ್ರವಾಸಗಳಲ್ಲಿ ಊರಿನ ಶಾಲೆಯೂ ಸೇರಿರುತ್ತದೆ. ಪಾಠ ನಿಲ್ಲುತ್ತದೆ, ಮಕ್ಕಳು ಎದ್ದು ಹಾಡುತ್ತಾರೆ, ಬಂದವರು ಪೆನ್ಸಿಲು, ಮಿಠಾಯಿ ಹಂಚಿ ಚಿತ್ರ ತೆಗೆದುಕೊಳ್ಳುತ್ತಾರೆ. ಉಪಾಧ್ಯಾಯ ಬಂಧುಗಳೆ, ವರ್ಷಕ್ಕೊಮ್ಮೆ ತನಿಖೆಯ ಸಾಹೇಬರು ಬಂದರೆ ಆ ದಿನದ ಪಾಠದ ಗತಿ ಏನಾಗುವುದೆಂದು ನಮಗೆ ತಿಳಿಯದೆ? ಅಂತಹ ಬರವು ವಾರಕ್ಕೆ ಎರಡು ಮೂರು ಸಲವಾದರೆ ಮಗು ಕಲಿಯುವುದೇನು? ಅಪರಿಚಿತನನ್ನು ಕಂಡೊಡನೆ ಕೈ ನೀಡಬೇಕೆಂಬುದನ್ನು. ಪೆನ್ಸಿಲು ಕೊಡಬಾರದೆಂದು ನಾವು ಹೇಳುವುದಿಲ್ಲ. ಅದು ಉಪಾಧ್ಯಾಯನ ಕೈ ಸೇರಿ, ಬೇಕಾದ ಹೊತ್ತಿಗೆ, ಬೇಕಾದ ಮಗುವಿಗೆ ಮುಟ್ಟಲಿ. ಆಗ ಕೊಟ್ಟವನ ಚಿತ್ರ ಉಳಿಯದಿರಬಹುದು. ಮಗುವಿನ ಮಾನ ಉಳಿಯುತ್ತದೆ.

ಹಾಗಾದರೆ ಹೋಗಬಾರದೆ? ಹೋಗಬಹುದು. ಆದರೆ ಹೋಗುವವನು ಎರಡು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಳ್ಳಬೇಕು. ನನ್ನನ್ನು ಬರಮಾಡಿಕೊಳ್ಳುವವನು 'ಇಂದು ಬೇಡ' ಎನ್ನಬಲ್ಲನೆ? ಅವನು ನನ್ನನ್ನು ಏನನ್ನಾದರೂ ಕೇಳಿದರೆ ನಿಂತು ಉತ್ತರಿಸಲು ನನಗೆ ಹೊತ್ತಿದೆಯೆ? ಸಿಂಹವು ನಮ್ಮನ್ನು ಏನೂ ಕೇಳುವುದಿಲ್ಲ, ಮನುಷ್ಯನು ಕೇಳಬಲ್ಲನು. ನಿಮ್ಮ ಊರಿನಲ್ಲಿ ಮಳೆ ಹೇಗೆ, ದನಗಳೆಷ್ಟು, ಇಷ್ಟು ದೂರ ಏಕೆ ಬಂದಿರಿ ಎಂದು ಅವನು ಕೇಳುವುದಕ್ಕೆ ಎಡೆಯಿದ್ದಲ್ಲಿ ಸಂದರ್ಶನವಿದೆ. ಇಲ್ಲದಲ್ಲಿ ಕೇವಲ ಪ್ರದರ್ಶನವಿದೆ.

ನಮ್ಮಲ್ಲಿ ಬಹುಮಂದಿ ಆಫ್ರಿಕವನ್ನು ಕಾಣಲಾರೆವು. ಆದರೆ ಭೂಗೋಳದ ಪಾಠದಲ್ಲಿ ಈಟಿ ಹಿಡಿದ ಮಸಾಯಿಯ ಚಿತ್ರವನ್ನು ಮಕ್ಕಳಿಗೆ ತೋರಿಸುವವರು ನಾವೇ. ಸಿಂಹದ ಚಿತ್ರದ ಬಳಿಕ ಅದನ್ನೂ ತೋರಿಸಿ ಹಾಳೆ ಮಗುಚಿದರೆ ನಮ್ಮ ತರಗತಿಯೂ ಒಂದು ಸಫಾರಿ ವಾಹನವಾದೀತು. ಅವನ ನೆಲ ಯಾವುದು, ಅದೇನಾಯಿತು, ಅವನ ಮಕ್ಕಳು ಈಗ ಏನನ್ನು ಓದುತ್ತಾರೆ, ನಮ್ಮನ್ನು ಕಂಡರೆ ಅವನು ಮೊದಲು ಏನನ್ನು ಕೇಳಿಯಾನು ಎಂದು ಮಕ್ಕಳೊಡನೆ ಕಾಲು ಗಂಟೆ ಮಾತನಾಡೋಣ. ಅದಕ್ಕೆ ಕಾಸು ಬೇಕಾಗಿಲ್ಲ.